ಕೈಗೆ ಬಂದ ಪಿಎಚ್‌ಡಿ ಸೀಟು ಬಿಟ್ಟವಳು: ರಾಯಚೂರು ಜಿಲ್ಲೆಯ ಒಂದು ಪ್ರಕರಣ

ರಾಯಚೂರಿನ ಸುತ್ತಮುತ್ತ ಮನಃಶಾಸ್ತ್ರದಲ್ಲಿ ಎಂ.ಎಸ್ಸಿ ಮುಗಿಸಿದವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಮೇಡಂ, ಕ್ಲಿನಿಕಲ್ ಸೈಕಾಲಜಿಯಾಗ ಪಿಎಚ್‌ಡಿ ಮಾಡ್ಬೇಕಂದೀನಿ, ಎಲ್ಲಿ ಅರ್ಜಿ ಹಾಕ್ಲಿರಿ?" ಎಲ್ಲಿ ಎಂದು ಕೇಳುತ್ತಾರೆ, ಯಾಕೆ ಎಂದು ಯಾರೂ ಕೇಳಿಕೊಂಡಿರುವುದಿಲ್ಲ. ಇಲ್ಲಿ ಬರೆದಿರುವುದು ಹಾಗೆ ಬಂದ ಒಬ್ಬಳ ಪ್ರಕರಣ. ಆಕೆಯ ಒಪ್ಪಿಗೆ ಪಡೆದಿದ್ದೇನೆ. ಹೆಸರು ಬದಲಿಸಿದ್ದೇನೆ, ಊರು, ಸಂಸ್ಥೆ, ಮಾರ್ಗದರ್ಶಕರ ಗುರುತು ಕೊಟ್ಟಿಲ್ಲ. ಆಕೆಯನ್ನು ಮಂಜುಳಾ ಎನ್ನೋಣ.

ಹಿನ್ನೆಲೆ

ಮಂಜುಳಾ ಹುಟ್ಟಿದ್ದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಒಂದು ಹಳ್ಳಿಯಲ್ಲಿ. ಮೇಲಿನವರು ಬಿಟ್ಟರೆ ನೀರು, ಇಲ್ಲದಿದ್ದರೆ ಇಲ್ಲ. ಅಪ್ಪನಿಗೆ ಸ್ವಲ್ಪ ಸ್ವಂತ ಹೊಲ, ಉಳಿದದ್ದು ಲೀಸಿಗೆ ಹಿಡಿದ ಭತ್ತದ ಗದ್ದೆ. ಬಿ.ಎ.ವರೆಗೆ ಕನ್ನಡ ಮಾಧ್ಯಮ, ಆಮೇಲೆ ಎಂ.ಎಸ್ಸಿ. 2022ರಲ್ಲಿ ಮುಗಿಸಿ, ಜಿಲ್ಲೆಯ ಒಣಬೇಸಾಯದ ತಾಲ್ಲೂಕೊಂದರ ಆಸ್ಪತ್ರೆಯ ಸ್ನೇಹಾ ಕ್ಲಿನಿಕ್‌ನಲ್ಲಿ ಗುತ್ತಿಗೆ ಮೇಲೆ ಆಪ್ತಸಮಾಲೋಚಕಿಯಾಗಿ ಸೇರಿದಳು. ಹದಿಹರೆಯದವರ ಜೊತೆ ಮಾತಾಡುವ ಕೆಲಸ. ಮಂಗಳವಾರ ಪಕ್ಕದ ಕೋಣೆಯಲ್ಲಿ ಮನೋಚೈತನ್ಯ ಕ್ಲಿನಿಕ್ ನಡೆಯುತ್ತದೆ, ಮನೋವೈದ್ಯರು ಬರುತ್ತಾರೆ. ಅಂದು ಜನ ಹೆಚ್ಚು, ಕೈ ಕಡಿಮೆ. ಹಾಗಾಗಿ ಹೆಸರು ಬರೆಯುವುದು, ಮನೆಯವರನ್ನು ಕೂರಿಸಿ ಮೊದಲ ಮಾಹಿತಿ ಪಡೆಯುವುದು ಇವಳ ಪಾಲಿಗೆ ಬಂತು.

ಅಲ್ಲಿಂದಲೇ ಆಸೆ ಹುಟ್ಟಿದ್ದು. ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಮಾನಸಿಕ ತೊಂದರೆ ಇರುವವರನ್ನು ಪರೀಕ್ಷಿಸಿ ಮಾತಿನ ಮೂಲಕ ಚಿಕಿತ್ಸೆ ಕೊಡುವ ಮನಃಶಾಸ್ತ್ರಜ್ಞೆ ಆಗಬೇಕು, ಹೆಸರಿನ ಮುಂದೆ ಡಾಕ್ಟರ್ ಬರಬೇಕು. ಎರಡೂ ಒಂದೇ ದಾರಿ ಎಂದು ಆಕೆ ತಿಳಿದಿದ್ದಳು. ಬೆಂಗಳೂರಿನಲ್ಲಿ ಖಾಸಗಿ ಕಂಪನಿಯಲ್ಲಿದ್ದ ಅಣ್ಣನೂ ಹಾಗೇ ತಿಳಿದಿದ್ದ. "ಪಿಎಚ್‌ಡಿಗೆ ಸೇರಿದ್ರ ತಿಂಗ್ಳಾ 37 ಸಾವಿರ ಕೊಡ್ತಾರಂತ" ಎಂದು ಅಪ್ಪನಿಗೆ ಹೇಳಿ ಮದುವೆ ಮಾತನ್ನು ಮುಂದಕ್ಕೆ ಹಾಕಿಸಿದವನು ಅವನೇ. ಆ 37 ಸಾವಿರ ಜೆ.ಆರ್.ಎಫ್. ಎಂಬ ಸಂಶೋಧನಾ ಶಿಷ್ಯವೇತನ ಪಡೆದವರಿಗೆ ಮಾತ್ರ ಸಿಗುವುದು ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮೊದಲ ಸುತ್ತು

2023ರಲ್ಲಿ ನನ್ನ ಹತ್ತಿರ ಬರುವ ಹೊತ್ತಿಗೆ ಆಕೆ ಒಂದು ಸುತ್ತು ಸೋತಾಗಿತ್ತು. ಆಗ ಹಾಕಿದ ಅರ್ಜಿಗಳ ಕಡತ ತಂದಿದ್ದಳು. ಎಲ್ಲದರಲ್ಲೂ ಒಂದೇ ಸಂಶೋಧನಾ ಪ್ರಸ್ತಾವ: "ಕಲ್ಯಾಣ ಕರ್ನಾಟಕದ ಗ್ರಾಮೀಣ ಮಹಿಳೆಯರಲ್ಲಿ ಖಿನ್ನತೆ: ಒಂದು ಅಧ್ಯಯನ". ಇಂಥ ಶೀರ್ಷಿಕೆಗಳನ್ನು ನಾನು ಬಹಳ ನೋಡಿದ್ದೇನೆ. ಏಳು ಜಿಲ್ಲೆ, ಲಕ್ಷಾಂತರ ಹೆಂಗಸರು, ಒಬ್ಬ ವಿದ್ಯಾರ್ಥಿನಿ. ಒಂದು ವಿಶ್ವವಿದ್ಯಾಲಯದಲ್ಲಿ ಪ್ರವೇಶ ಪರೀಕ್ಷೆ ದಾಟಿ ಸಂದರ್ಶನದವರೆಗೆ ಹೋಗಿದ್ದಳು. ಯಾವ ಮಾಪನ ಬಳಸುತ್ತೀರಿ, ಎಷ್ಟು ಜನ, ಯಾಕೆ ಅಷ್ಟೇ ಜನ, ಖಿನ್ನತೆ ಇದೆ ಎಂದು ಗೊತ್ತಾದರೆ ಆ ಹೆಂಗಸಿಗೆ ಮುಂದೇನು ಮಾಡುತ್ತೀರಿ ಎಂದು ಕೇಳಿದ್ದರು. ಕೊನೆಯ ಪ್ರಶ್ನೆಗೆ ತಾನು ಸುಮ್ಮನೆ ಕೂತೆ ಎಂದಳು.

ಉದ್ದೇಶಪತ್ರದ ಮೊದಲ ಸಾಲು "ಚಿಕ್ಕಂದಿನಿಂದಲೂ ಜನರಿಗೆ ಸಹಾಯ ಮಾಡುವುದೆಂದರೆ ನನಗೆ ಇಷ್ಟ" ಎಂದಿತ್ತು. ಪ್ರಾಧ್ಯಾಪಕರಿಗೆ ಕಳಿಸಿದ ಇಮೇಲ್ ಒಂದೇ, ಹೆಸರು ಮಾತ್ರ ಬೇರೆ. ಒಂದರಲ್ಲಿ ಹೆಸರು ಬದಲಿಸುವುದೂ ಮರೆತುಹೋಗಿತ್ತು. ಯಾರೂ ಉತ್ತರಿಸಿರಲಿಲ್ಲ, ಅದರಲ್ಲಿ ಆಶ್ಚರ್ಯವೂ ಇಲ್ಲ. ಉತ್ತರ ಬಾರದಿರಲು ಇನ್ನೊಂದು ಕಾರಣವೂ ಇತ್ತು. ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ 2022ರ ಪಿಎಚ್‌ಡಿ ನಿಯಮಾವಳಿಯ ಪ್ರಕಾರ ಒಬ್ಬ ಪ್ರಾಧ್ಯಾಪಕರು ಒಮ್ಮೆಗೆ 8 ಮಂದಿಗೆ, ಸಹ ಪ್ರಾಧ್ಯಾಪಕರು 6 ಮಂದಿಗೆ, ಸಹಾಯಕ ಪ್ರಾಧ್ಯಾಪಕರು 4 ಮಂದಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತೆಯೇ ಇಲ್ಲ. ಮಂಜುಳಾ ಆರಿಸಿದ್ದು ದೊಡ್ಡ ಹೆಸರಿನ ಹಿರಿಯರನ್ನು. ಅವರಲ್ಲಿ ಹಲವರ ಬಳಿ ಜಾಗವೇ ಇರಲಿಲ್ಲ.

ಇವೆಲ್ಲ ತಿದ್ದಬಹುದಾದ ಸಂಗತಿಗಳು. ನಿಜವಾದ ತೊಡಕು ಬೇರೆ ಕಡೆ ಇತ್ತು.

ಡಾಕ್ಟರೇಟ್ ಬೇರೆ, ನೋಂದಣಿ ಬೇರೆ

ನಾನು ಆಕೆಗೆ ಹಾಕಿದ ಮೊದಲ ಪ್ರಶ್ನೆ: "ಐದು ವರ್ಷ ಆದ ಮ್ಯಾಲೆ ಮಂಗಳವಾರ ನೀ ಎಲ್ಲಿ ಕುಂತಿರ್ತಿ? ಕ್ಲಾಸಿನ್ಯಾಗೋ, ಕ್ಲಿನಿಕ್ಕಿನ್ಯಾಗೋ?"

"ಕ್ಲಿನಿಕ್ಕಿನ್ಯಾಗ್ರಿ ಮೇಡಂ. ಅದಕ್ಕಲ್ಲೇನ್ರಿ ಪಿಎಚ್‌ಡಿ?"

ಅಲ್ಲ. ನಮ್ಮ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ವೃತ್ತಿ ನಡೆಸಲು ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್.ಸಿ.ಐ.ನ ನೋಂದಣಿ ಬೇಕು. ಆ ಪರಿಷತ್ತಿನ 1992ರ ಕಾಯ್ದೆಯ 13ನೇ ಕಲಮು ನೋಂದಣಿ ಇಲ್ಲದೆ ವೃತ್ತಿ ನಡೆಸುವುದನ್ನು ಶಿಕ್ಷಾರ್ಹ ಅಪರಾಧ ಎನ್ನುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು ಎಂದು ಹೇಳುವಾಗ ಆರ್.ಸಿ.ಐ. ಒಪ್ಪಿದ ಅರ್ಹತೆಯನ್ನೋ, ಮೇಲ್ವಿಚಾರಣೆಯಲ್ಲಿ ಕ್ಲಿನಿಕಲ್ ತರಬೇತಿ ಇರುವ ಸ್ನಾತಕೋತ್ತರ ಪದವಿಯ ಮೇಲಿನ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್ಅನ್ನೋ ಕೇಳುತ್ತದೆ. ವಿಶ್ವವಿದ್ಯಾಲಯವೊಂದರಲ್ಲಿ ಖಿನ್ನತೆಯ ಬಗ್ಗೆ ಪ್ರಬಂಧ ಬರೆದು ಪಿಎಚ್‌ಡಿ ಪಡೆದವರು ಡಾಕ್ಟರ್ ಆಗುತ್ತಾರೆ, ಪಾಠ ಮಾಡಬಹುದು, ಸಂಶೋಧನೆ ಮಾಡಬಹುದು. ರೋಗಿಯ ವರದಿಗೆ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಸಹಿ ಹಾಕುವ ಅಧಿಕಾರ ಅದರಿಂದ ಬರುವುದಿಲ್ಲ. ಸೈ.ಡಿ. ಎಂಬ ವೃತ್ತಿಪರ ಡಾಕ್ಟರೇಟ್ ಇದೆ, ಆರ್.ಸಿ.ಐ. ಒಪ್ಪಿದ್ದು, ಆದರೆ ಕಲಿಸುವ ಸಂಸ್ಥೆಗಳು ಕಡಿಮೆ. ಮಂಜುಳಾಳ ಮನೆಯ ಲೆಕ್ಕಕ್ಕೆ ಅದು ಹೊಂದುವಂತಿರಲಿಲ್ಲ.

ಹಾಗಾದರೆ ಎಂ.ಫಿಲ್ ಮೊದಲು, ಪಿಎಚ್‌ಡಿ ಆಮೇಲೆ. ಹೇಳುವುದು ಸುಲಭ. ಆ ಹೊತ್ತಿಗೆ ಎಂ.ಫಿಲ್‌ನ ಬುಡವೇ ಅಲುಗಾಡುತ್ತಿತ್ತು. 2022ರ ನಿಯಮಾವಳಿ ಎಂ.ಫಿಲ್ ಪದವಿಯನ್ನೇ ನಿಲ್ಲಿಸಿತ್ತು. 2023ರ ಡಿಸೆಂಬರ್ ಕೊನೆಯಲ್ಲಿ ಯುಜಿಸಿ, ಎಂ.ಫಿಲ್ ಮಾನ್ಯ ಪದವಿಯಲ್ಲ, ಯಾರೂ ಸೇರಬೇಡಿ ಎಂದು ಮತ್ತೊಮ್ಮೆ ಎಚ್ಚರಿಸಿತು. ಅಂದು ಮಂಜುಳಾ ಫೋನ್ ಮಾಡಿ ಅತ್ತಳು. 2024ರ ಜನವರಿಯಲ್ಲಿ ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್ ಎಂಬ ಎರಡು ವಿಷಯಗಳಿಗೆ ಮಾತ್ರ ವಿನಾಯಿತಿ ಬಂತು, ಅದೂ 2025-26ನೇ ಸಾಲಿನ ಪ್ರವೇಶದವರೆಗೆ. ಬಾಗಿಲು ಮುಚ್ಚುವುದು ಖಚಿತವಾಯಿತು, ಯಾವಾಗ ಎಂಬುದೂ ಖಚಿತವಾಯಿತು.

ನಮ್ಮ ವಿಭಾಗದಲ್ಲೇ ಎರಡು ಅಭಿಪ್ರಾಯ. ಕೈಗೆ ಬರುವ ಎಂ.ಫಿಲ್ ಸೀಟುಗಳು ಬೆರಳೆಣಿಕೆ, ಖಾಸಗಿಯಲ್ಲಿ ಲಕ್ಷಗಟ್ಟಲೆ ಶುಲ್ಕ, ಅದರ ಬೆನ್ನು ಹತ್ತಿ ಪಿಎಚ್‌ಡಿಯನ್ನೂ ಕಳಕೊಳ್ಳಬಾರದು ಎಂಬುದು ಸಹೋದ್ಯೋಗಿಯೊಬ್ಬರ ವಾದ. ಎರಡಕ್ಕೂ ತಯಾರಿ ನಡೆಯಲಿ, ಆಯ್ಕೆ ಮಾಡುವ ಹೊತ್ತು ಬಂದಾಗ ನೋಡೋಣ ಎಂಬುದು ನನ್ನದು.

ಎರಡನೇ ಸುತ್ತು

ಪ್ರಸ್ತಾವವನ್ನು ಬದಿಗಿಟ್ಟು ಮಂಗಳವಾರದ ಬಗ್ಗೆ ಕೇಳಿದೆ. ಕಣ್ಣಾರೆ ಕಂಡಿದ್ದೇನು? ಮೊದಲ ಸಲ ಬಂದವರು ಮೂರನೇ ಸಲ ಬರೋದಿಲ್ಲ ಎಂದಳು. ಎಲ್ಲರೂ ಹೇಳುವ ಮಾತಿದು. ಯಾವಾಗ ಬರುವುದಿಲ್ಲ ಎಂದು ಕೆದಕಿದೆ. ಸ್ವಲ್ಪ ಯೋಚಿಸಿ, "ಸುಗ್ಗಿ ಮುಗದ ಮ್ಯಾಲೆ ಪೂರಾ ಖಾಲಿರಿ ಮೇಡಂ. ಗುಳೆ ಹೋಗಿರ್ತಾರಲ್ರಿ" ಎಂದಳು.

ಪ್ರಸ್ತಾವ ಸಿಕ್ಕಿದ್ದು ಅಲ್ಲಿ. ಒಣಬೇಸಾಯದ ತಾಲ್ಲೂಕುಗಳಿಂದ ಕುಟುಂಬಗಳಿಗೆ ಕುಟುಂಬಗಳೇ ಬೆಂಗಳೂರು, ಹೈದರಾಬಾದ್, ಗೋವಾ ಕಡೆ ಕೂಲಿಗೆ ಹೋಗುವುದು ನಮಗೆ ಎಷ್ಟು ಮಾಮೂಲಿಯೆಂದರೆ ಅದು ಸಂಶೋಧನೆಯ ವಿಷಯ ಎಂದು ಆಕೆಗೆ ಹೊಳೆದಿರಲಿಲ್ಲ. ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆಗೆ ಮಾತ್ರೆ ಶುರುವಾದ ಗಂಡಸು, ಮೂರು ತಿಂಗಳಲ್ಲಿ ಸುಧಾರಿಸಿ, ಹೆಂಡತಿ ಮಕ್ಕಳ ಜೊತೆ ಕಟ್ಟಡ ಕೆಲಸಕ್ಕೆ ಹೋಗುತ್ತಾನೆ. ಅಲ್ಲಿ ಮಾತ್ರೆ ಯಾರು ಕೊಡುತ್ತಾರೆ, ಚೀಟಿ ಯಾರ ಬಳಿ ಇರುತ್ತದೆ, ಊರಲ್ಲಿ ಉಳಿದ ಮುದುಕಿ ಕೊರಿಯರ್ ಮಾಡುತ್ತಾಳೆಯೇ? ಒಂದು ತಾಲ್ಲೂಕು, ಒಂದು ಕ್ಲಿನಿಕ್, ಗುಳೆ ಹೋಗುವ ಕುಟುಂಬಗಳು, ಚಿಕಿತ್ಸೆಯ ಮುಂದುವರಿಕೆ. ಪ್ರಸ್ತಾವ ಇಷ್ಟಕ್ಕೆ ಇಳಿಯಿತು. ಹಿನ್ನೆಲೆಗೆ ಆಕೆ ಬಳ್ಳಾರಿಯನ್ನು ತಂದಳು. 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಗೆ ಊರ ಹತ್ತಿರವೇ ಚಿಕಿತ್ಸೆ ಸಿಗುವಂತೆ ಮಾಡಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಅದೇ. ಅದರ ಆಧಾರ, ರೋಗಿ ಊರಲ್ಲೇ ಇರುತ್ತಾನೆ ಎಂಬ ನಂಬಿಕೆ. ವರ್ಷದ ಅರ್ಧ ಊರಲ್ಲೇ ಇರದವನಿಗೆ ಅದು ಹೇಗೆ ಒದಗುತ್ತದೆ ಎಂಬುದು ಮಂಜುಳಾಳ ಪ್ರಶ್ನೆಯಾಯಿತು. ಈ ವಾಕ್ಯ ಆಕೆಯದೇ, ನಾನು ಹೇಳಿಕೊಟ್ಟದ್ದಲ್ಲ.

ಇಮೇಲೂ ಬದಲಾಯಿತು. ಉದ್ದೇಶಪತ್ರದ "ಚಿಕ್ಕಂದಿನಿಂದಲೂ" ಹೋಗಿ, "ನಾನು ಕೆಲಸ ಮಾಡುವ ಆಸ್ಪತ್ರೆಯ ಮಂಗಳವಾರದ ಕ್ಲಿನಿಕ್ ಸುಗ್ಗಿಯ ನಂತರ ಖಾಲಿಯಾಗುತ್ತದೆ" ಎಂಬ ಸಾಲು ಬಂತು. ಬರೆದದ್ದು ಕೆಲವರಿಗೆ ಮಾತ್ರ. ವಲಸೆ ಅಥವಾ ಸಮುದಾಯ ಮಾನಸಿಕ ಆರೋಗ್ಯದ ಮೇಲೆ ಕೆಲಸ ಮಾಡಿದವರು, ನಿವೃತ್ತಿಗೆ ದೂರ ಇರುವವರು, ಜಾಗ ಖಾಲಿ ಇದೆ ಎಂದು ವಿಭಾಗದಿಂದ ಆಕೆಗೆ ಗೊತ್ತಾದವರು. ಒಬ್ಬ ಸಹ ಪ್ರಾಧ್ಯಾಪಕಿ ಎರಡು ಸಾಲು ಉತ್ತರಿಸಿದರು: ನೆಟ್ ಮಾಡಿಕೊಂಡು ಬನ್ನಿ, ಪ್ರಸ್ತಾವದಲ್ಲಿ ನೈತಿಕ ಸಮಿತಿಯ ಅನುಮತಿ ಹೇಗೆ ಪಡೆಯುತ್ತೀರಿ ಎಂದು ಬರೆಯಿರಿ.

ನೆಟ್ ಎಂದರೆ ಯುಜಿಸಿಯ ರಾಷ್ಟ್ರೀಯ ಅರ್ಹತಾ ಪರೀಕ್ಷೆ. ಅದರ ಕಥೆ ಬೇರೆಯೇ. 2024ರ ಮಾರ್ಚ್‌ನಲ್ಲಿ ಯುಜಿಸಿ ಪಿಎಚ್‌ಡಿ ಪ್ರವೇಶಕ್ಕೂ ನೆಟ್ ಅಂಕ ಬಳಸುವ ವ್ಯವಸ್ಥೆ ತಂದಿತು. ಮೇಲಿನವರಿಗೆ ಜೆ.ಆರ್.ಎಫ್., ನಂತರದವರಿಗೆ ಸಹಾಯಕ ಪ್ರಾಧ್ಯಾಪಕ ಅರ್ಹತೆ ಮತ್ತು ಪಿಎಚ್‌ಡಿ ಪ್ರವೇಶ, ಮೂರನೇ ವರ್ಗಕ್ಕೆ ಪಿಎಚ್‌ಡಿ ಪ್ರವೇಶ ಮಾತ್ರ. ಕೊನೆಯ ಎರಡು ವರ್ಗಕ್ಕೆ ನೆಟ್ ಅಂಕಕ್ಕೆ ಶೇಕಡಾ 70, ಸಂದರ್ಶನಕ್ಕೆ 30ರ ತೂಕ, ಪಿಎಚ್‌ಡಿಗೆ ಆ ಅಂಕ ಒಂದೇ ವರ್ಷ ಊರ್ಜಿತ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕನ್ನಡದಲ್ಲಿ ಓದಿದ ಹುಡುಗಿ ಪ್ರತಿ ಪಾರಿಭಾಷಿಕ ಪದವನ್ನೂ ಎರಡು ಬಣ್ಣದ ಪೆನ್ನಿನಲ್ಲಿ ಬರೆದುಕೊಂಡ ನೋಟ್‌ಬುಕ್ ನೋಡಿದ್ದೇನೆ.

ಇನ್ನೊಂದು ಸಣ್ಣ ಸಂಗತಿ, ನಮ್ಮ ಕಡೆಯ ಮಕ್ಕಳು ಪದೇ ಪದೇ ಎಡವುವ ಜಾಗ. ರಾಜ್ಯದ ಪ್ರವರ್ಗದ ಜಾತಿ-ಆದಾಯ ಪತ್ರ ನೆಟ್‌ಗೆ ನಡೆಯುವುದಿಲ್ಲ, ಕೇಂದ್ರದ ನಮೂನೆಯ ಓಬಿಸಿ ಪತ್ರ ಬೇಕು. ಕಲ್ಯಾಣ ಕರ್ನಾಟಕದವರ ಮೀಸಲಾತಿಯ 371ಜೆ ಪತ್ರ ಇಟ್ಟುಕೊಂಡು ಕೇಂದ್ರ ಸಂಸ್ಥೆಯಲ್ಲಿ ರಿಯಾಯಿತಿ ಕೇಳಿದರೆ ಸಿಗುವುದಿಲ್ಲ, ಅದು ರಾಜ್ಯದ ಸಂಸ್ಥೆಗಳಿಗೆ. ಮಂಜುಳಾ ಇದನ್ನು ತಹಶೀಲ್ದಾರ್ ಕಚೇರಿಯಲ್ಲಿ ಮುಂಚೆಯೇ ಮಾಡಿಸಿಟ್ಟುಕೊಂಡಳು.

2024ರ ಜೂನ್ 18ರಂದು ಕಲಬುರಗಿಯಲ್ಲಿ ಪರೀಕ್ಷೆ ಬರೆದು ಬಂದಳು. ಚೆನ್ನಾಗಿ ಆಗಿತ್ತು. ಮರುದಿನ ರಾತ್ರಿ ಇಡೀ ದೇಶದ ಪರೀಕ್ಷೆಯೇ ರದ್ದು. ಅಂದು ಬರೆದವರು 9 ಲಕ್ಷಕ್ಕೂ ಹೆಚ್ಚು. ಮರುಪರೀಕ್ಷೆ ಆಗಸ್ಟ್ 21ರಿಂದ ಸೆಪ್ಟೆಂಬರ್ 4ರವರೆಗೆ, ಕಂಪ್ಯೂಟರ್‌ನಲ್ಲಿ. ನಡುವೆ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕಿತ್ತುಹೋಯಿತು. ಕೊನೆ ಭಾಗದ ರೈತರ ಮನೆಯಲ್ಲಿ ಆ ವಾರ ಹೇಗಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ. ಸಸಿ ನಾಟಿ ಮಾಡಿದ್ದ ಅಪ್ಪ ದಿನವಿಡೀ ಟಿವಿ ಮುಂದೆ. ಆಕೆ ಓದುವುದು ಬಿಟ್ಟು ಆಸ್ಪತ್ರೆ ಕ್ವಾರ್ಟರ್ಸ್‌ನ ನರ್ಸ್ ಒಬ್ಬರ ಕೋಣೆಗೆ ಬಂದು ಇದ್ದಳು. ಸ್ವಾರ್ಥ ಅನ್ನಿಸಿತು ಎಂದು ಆಮೇಲೆ ಹೇಳಿದಳು. ನನಗೆ ಹಾಗನ್ನಿಸಲಿಲ್ಲ. ಒಂದೇ ವಾರದಲ್ಲಿ ತಾತ್ಕಾಲಿಕ ಗೇಟ್ ಕೂತಿತು, ಹರಿದುಹೋಗುತ್ತಿದ್ದ ನೀರು ನಿಂತಿತು.

ಅಕ್ಟೋಬರ್‌ನಲ್ಲಿ ಫಲಿತಾಂಶ. ಮೂರನೇ ವರ್ಗ, ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ ಅರ್ಹ. ಅಣ್ಣನ 37 ಸಾವಿರ ಅಲ್ಲಿಗೆ ಮುಗಿಯಿತು. ಆ ವರ್ಷ ಬರೆದ ಎಂ.ಫಿಲ್ ಪ್ರವೇಶ ಪರೀಕ್ಷೆಯಲ್ಲೂ ಹೆಸರು ಬರಲಿಲ್ಲ.

ಸೀಟು ಬಂದ ಮೇಲೆ

2025ರ ಆರಂಭದಲ್ಲಿ ಆ ಸಹ ಪ್ರಾಧ್ಯಾಪಕಿ ಇರುವ ವಿಶ್ವವಿದ್ಯಾಲಯದ ಸಂದರ್ಶನ. ಮೊದಲ ಸುತ್ತಿನಲ್ಲಿ ಆಕೆಯನ್ನು ಕೆಡವಿದ ಪ್ರಶ್ನೆಯೇ ಇಲ್ಲೂ ಬಂತು: ರೋಗಿಗೆ ತೊಂದರೆ ಇದೆ ಎಂದು ಗೊತ್ತಾದರೆ ಏನು ಮಾಡುತ್ತೀರಿ? ಈ ಸಲ ಉತ್ತರ ಸಿದ್ಧವಿತ್ತು. ಮಾತ್ರೆ ಬಿಟ್ಟಿರುವುದು ತಿಳಿದರೆ ಅದೇ ದಿನ ಮನೋವೈದ್ಯರಿಗೆ ತಿಳಿಸುವುದು, ಗುಳೆ ಹೋದ ಊರಿನ ಸರ್ಕಾರಿ ಆಸ್ಪತ್ರೆಯ ವಿವರ ಕೊಡುವುದು, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಜೋಡಿಸುವುದು, ಜೀವಕ್ಕೆ ಅಪಾಯವಿದ್ದರೆ ಸಂಶೋಧನೆ ಬದಿಗಿಟ್ಟು ಆಸ್ಪತ್ರೆ. ಪಟ್ಟಿಯಲ್ಲಿ ಹೆಸರು ಬಂತು. ಸೇರಲು ಕೆಲವು ವಾರ ಸಮಯ ಕೊಟ್ಟರು.

ಮನೆಯಲ್ಲಿ ಪೇಡೆ ಹಂಚಿದರು. ಅಪ್ಪ ನನಗೂ ಫೋನ್ ಮಾಡಿ, "ನಿಮ್ಮಿಂದ ಆತ್ರಿ ಮೇಡಂ" ಎಂದರು.

ಆ ವಾರಗಳಲ್ಲೇ ಒಂದು ಮಂಗಳವಾರ ಒಬ್ಬ ತಾಯಿ ಒಂಬತ್ತು ವರ್ಷದ ಮಗನನ್ನು ಕರೆತಂದಿದ್ದಳು. ಬುದ್ಧಿಮಾಂದ್ಯದ ಪ್ರಮಾಣಪತ್ರ ಬೇಕು, ಕಾರ್ಡ್ ಆದರೆ ಮಾಸಾಶನ ಸಿಗುತ್ತದೆ. ಅದಕ್ಕೆ ಬುದ್ಧಿಮಟ್ಟ ಪರೀಕ್ಷೆಯ ವರದಿ ಬೇಕು. ಹುಡುಗ ಒಂದು ಕಡೆ ಕೂರುತ್ತಿರಲಿಲ್ಲ. ಮಂಜುಳಾ ತನ್ನ ಬಳಿ ಇದ್ದ ಸೆಗ್ವಿನ್ ಫಾರ್ಮ್ ಬೋರ್ಡ್ ತೆಗೆದು ಮುಂದಿಟ್ಟಳು. ಹತ್ತು ಆಕಾರದ ಮರದ ತುಂಡುಗಳು, ಹತ್ತು ಗುಳಿಗಳು. ಹುಡುಗ ವೃತ್ತವನ್ನು ಸರಿಯಾಗಿ ಇಟ್ಟ. ನಕ್ಷತ್ರವನ್ನು ಶಿಲುಬೆ ಆಕಾರದ ಗುಳಿಗೆ ಒತ್ತಿ ಒತ್ತಿ ನೋಡಿದ, ಕೂರದಿದ್ದಾಗ ತಿರುಗಿಸಿ ಮತ್ತೆ ಅಲ್ಲೇ ಒತ್ತಿದ. ಎಂ.ಎಸ್ಸಿ ಲ್ಯಾಬಿನಲ್ಲಿ ಕಲಿತದ್ದು ಆಕೆಗೆ ನೆನಪಿತ್ತು, ಸಮಯ ಗುರುತು ಹಾಕಿಕೊಂಡಳು. ಹುಡುಗನ ಮಟ್ಟ ಅಂದಾಜೂ ಆಯಿತು.

"ನೀವs ಬರ್ದು ಕೊಡ್ರಿ ಅಕ್ಕಾರ" ಎಂದಳು ತಾಯಿ.

ಮನೋವೈದ್ಯರು ಹಾಳೆ ನೋಡಿ ವಾಪಸು ಕೊಟ್ಟರು. ಒಂದೇ ಬೋರ್ಡಿನ ಮೇಲೆ ಬುದ್ಧಿಮಟ್ಟ ಹೇಳಲಾಗದು, ಅದು ಒಂದು. ನೋಂದಣಿ ಇಲ್ಲದವರ ವರದಿ ನಡೆಯದು, ಅದು ಎರಡು. ತಾಯಿ ಜಿಲ್ಲಾ ಕೇಂದ್ರಕ್ಕೆ ಹೋಗಬೇಕು, ಎರಡು ಬಸ್ಸು, ಒಂದು ದಿನದ ಕೂಲಿ ಹೋಗುತ್ತದೆ, ಅಂದೇ ಆಗುತ್ತದೆ ಎಂಬ ಖಾತ್ರಿಯೂ ಇಲ್ಲ.

ಆ ಸಂಜೆ ಮಂಜುಳಾ ಕೇಳಿದ್ದು ಇಷ್ಟೇ: "ಮೇಡಂ, ಮೂರು ವರ್ಷ ಪಿಎಚ್‌ಡಿ ಮಾಡಿ ಬಂದ ಮ್ಯಾಲೂ ನಾ ಇದಕ್ಕ ಸಹಿ ಹಾಕಂಗಿಲ್ಲಲ್ರಿ?"

ಇಲ್ಲ ಎಂದೆ. ಜೊತೆಗೆ ಇನ್ನೊಂದು ಬದಿಯನ್ನೂ ಹೇಳಿದೆ. ಎಂ.ಫಿಲ್‌ಗೆ ಉಳಿದಿರುವುದು ಒಂದೇ ಪ್ರವೇಶ. ಸಿಗದಿದ್ದರೆ ಎರಡೂ ಇಲ್ಲ. ನೆಟ್ ಅಂಕ ಅಕ್ಟೋಬರ್‌ಗೆ ಮುಗಿಯುತ್ತದೆ. ಪಿಎಚ್‌ಡಿಗೆ ಸೇರಿಕೊಂಡು ಎಂ.ಫಿಲ್ ಪರೀಕ್ಷೆ ಬರೆ, ಸಿಕ್ಕರೆ ಇದನ್ನು ಬಿಡು ಎಂದು ಅಣ್ಣ ಹೇಳಿದ. ವ್ಯಾವಹಾರಿಕ ಸಲಹೆ. ಆದರೆ ಆ ಮಾರ್ಗದರ್ಶಕರ ಬಳಿ ಖಾಲಿ ಇದ್ದದ್ದು ಒಂದೇ ಜಾಗ. ಸೇರಿ ಅರ್ಧಕ್ಕೆ ಬಿಟ್ಟರೆ ಅದು ಆ ಸಾಲಿಗೆ ಬೇರೆಯವರಿಗೂ ಸಿಗುವುದಿಲ್ಲ, ಮುಂದೆ ಇವಳು ಅದೇ ಬಾಗಿಲು ತಟ್ಟಲೂ ಆಗುವುದಿಲ್ಲ. ಮಂಜುಳಾ ಅವರಿಗೇ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿದಳು. ಅವರು ಬೇಸರಪಟ್ಟುಕೊಂಡಂತೆ ಕಾಣಲಿಲ್ಲ. ಕ್ಲಿನಿಕಲ್ ತರಬೇತಿ ಆದಮೇಲೆ ಈ ಪ್ರಶ್ನೆಯನ್ನು ಇನ್ನೂ ಚೆನ್ನಾಗಿ ಕೇಳುತ್ತೀರಿ, ಆಗ ಬರೆಯಿರಿ ಎಂದರು. ಮುಂದೆ ಸೀಟು ಕೊಡುತ್ತೇನೆ ಎನ್ನಲಿಲ್ಲ. ಹಾಗೆ ಹೇಳುವಂತೆಯೂ ಇರಲಿಲ್ಲ.

ಅಪ್ಪನಿಗೆ ಇದನ್ನು ತಿಳಿಸುವುದು ನನ್ನ ಪಾಲಿಗೆ ಬಂತು. ಡಾಕ್ಟರ್ ಆಗೋದು ಬಿಟ್ಟು ಇನ್ನೇನು ಎಂದು ಕೇಳಿದರು. ಆ ತಾಯಿ ಮತ್ತು ಹುಡುಗನ ವಿಷಯ ಹೇಳಿದೆ. "ಅಂದ್ರ ಈಗ ಓದೋದು ಲೈಸನ್ಸಿಗೆ" ಎಂದರು. ಅಷ್ಟು ಚುಟುಕಾಗಿ ನನ್ನ ವಿಭಾಗದಲ್ಲಿ ಯಾರೂ ಹೇಳಿರಲಿಲ್ಲ.

ಈಗ

2025ರ ಪ್ರವೇಶದಲ್ಲಿ ಕಾಯುವ ಪಟ್ಟಿಯಿಂದ ಆಕೆಗೆ ಎಂ.ಫಿಲ್ ಸೀಟು ಬಂತು. ಕಾಯುವ ಪಟ್ಟಿ ಎಂಬುದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಮೇಲಿನ ಇಬ್ಬರು ಬೇರೆಡೆ ಸೇರದಿದ್ದರೆ ಈ ಪ್ರಕರಣವನ್ನು ನಾನು ಬೇರೆ ರೀತಿ ಬರೆಯಬೇಕಿತ್ತು. ನಮ್ಮ ಸಹೋದ್ಯೋಗಿ ಈಗಲೂ ತಮ್ಮ ವಾದ ಬಿಟ್ಟಿಲ್ಲ: ಜಾಗ ಇರುವ, ವಿಷಯ ಒಪ್ಪಿದ ಮಾರ್ಗದರ್ಶಕರು ಎರಡನೇ ಸಲ ಸಿಗುವುದಿಲ್ಲ ಎನ್ನುತ್ತಾರೆ. ಪಾಠ ಮತ್ತು ಸಂಶೋಧನೆಯತ್ತ ಮನಸ್ಸಿರುವ ವಿದ್ಯಾರ್ಥಿಯಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಮಂಜುಳಾಳ ಮಂಗಳವಾರ ಕ್ಲಿನಿಕ್ಕಿನಲ್ಲಿತ್ತು, ಹಾಗಾಗಿ ಲೆಕ್ಕ ಬೇರೆಯಾಯಿತು. 2024ರ ಆ ವಿನಾಯಿತಿಯ ಪ್ರಕಾರ ಇನ್ನು ಮುಂದಿನವರಿಗೆ ಈ ಎಂ.ಫಿಲ್ ದಾರಿ ಇರುವುದಿಲ್ಲ. ಯಾವ ಕೋರ್ಸಿಗೆ ಸೇರುವ ಮುನ್ನವೂ ಅದಕ್ಕೆ ಆರ್.ಸಿ.ಐ. ಮಾನ್ಯತೆ ಇದೆಯೇ, ಆ ಸಾಲಿಗೆ ಇದೆಯೇ ಎಂದು ಪರಿಷತ್ತಿನ ಜಾಲತಾಣದ ಪಟ್ಟಿಯಲ್ಲೇ ನೋಡಬೇಕು. ಕಾಲೇಜಿನ ಬ್ರೋಷರ್ ಸಾಲದು.

ಗುಳೆಯ ಪ್ರಸ್ತಾವವನ್ನು ಎಂ.ಫಿಲ್ ಪ್ರಬಂಧಕ್ಕೆ ಬಳಸಬೇಕೆಂದು ಆಕೆ ಕೇಳಿಕೊಂಡಳು. ಮಾಹಿತಿ ಸಂಗ್ರಹ ಅದೇ ಸಂಸ್ಥೆಯ ಆಸ್ಪತ್ರೆಯಲ್ಲಿ ಆಗಬೇಕು ಎಂದು ಅಲ್ಲಿನ ಮಾರ್ಗದರ್ಶಕರು ಹೇಳಿದರು. ಹಾಗಾಗಿ ರಾಯಚೂರಿನಿಂದ ಹೋದವರ ಬದಲು ಆ ನಗರಕ್ಕೆ ಕಟ್ಟಡ ಕೆಲಸಕ್ಕೆ ಬಂದವರ ಮೇಲೆ ಅಧ್ಯಯನ ನಡೆಸುತ್ತಿದ್ದಾಳೆ. ಊರ ಕಡೆಯ ಅರ್ಧ ಉಳಿದಿದೆ. ಅದನ್ನು ಪಿಎಚ್‌ಡಿಗೆ ಇಟ್ಟುಕೊಂಡಿದ್ದಾಳೆ, ಅದಕ್ಕೆ ನೆಟ್ ಮತ್ತೆ ಬರೆಯಬೇಕು.